ಬೀಸುಕಲ್ಲಿನ ಕೊನೆಯ ಹೆಸರು

ಝಳಕಿ
3 ಮಾರ್ಚ್ 2025

ಸುಮೇಧಾ ಅಕ್ಕೋರಿಗೆ ಸಿದ್ಧರಾಮನ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಇಂಡಿ ತಾಲೂಕಿನ ಈ ಝಳಕಿಯಲ್ಲಿ ಮೂವತ್ತೊಂದು ವರ್ಷ ಟಪಾಲು ಹಂಚಿ ಹೋದ ವರ್ಷ ನಿವೃತ್ತನಾದವನು. ಊರವರ ಸುಖದುಃಖವನ್ನೆಲ್ಲ ಹೆಗಲಿಗೆ ಹಾಕಿಕೊಂಡು ಬಾಗಿಲು ಬಾಗಿಲಿಗೆ ಮುಟ್ಟಿಸಿದ್ದೇನೆ. ನಾನಾಗಿ ಕೂತು ಒಬ್ಬರಿಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಜನವರಿಯಲ್ಲಿ ನೀವು ಸೊಲ್ಲಾಪುರದ ಹನ್ನೊಂದು ಜನ ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರಕ್ಕೆ ಹಳ್ಳಿ ನೋಡಲು ಹೋಗಿದ್ದಿರಿ. ಅಲ್ಲಿ ಒಬ್ಬ ಹೆಣ್ಣುಮಗಳು ಜೋಳ ಬೀಸುತ್ತ ಹಾಡಿದ್ದನ್ನು ಮೊಬೈಲಿನಲ್ಲಿ ತೆಗೆದು ಊರಿಗೆಲ್ಲ ಕಾಣುವಂತೆ ಹಾಕಿದ್ದೀರಿ. ಕೆಳಗೆ ‘ಹಳ್ಳಿಯ ಪರಂಪರೆಯ ದನಿ’ ಎಂದಿದೆ. ಅದರ ಕೆಳಗೆ ನಿಮ್ಮ ಹೆಸರು, ಚಿತ್ರಕಲಾ ಶಿಕ್ಷಕಿ ಎಂದು, ನಿಮ್ಮ ಸಂಘದ ವಿಳಾಸ. ಅಕ್ಕೋರೆ, ಅದು ಪರಂಪರೆಯ ದನಿ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಅದು ನಮ್ಮ ಅಕ್ಕ ಸುಂದರವ್ವನ ದನಿ.

ನನ್ನ ಮಗಳು ಮಾಲಾ ತಂದು ತೋರಿಸಿದಳು. ಅಕ್ಕನ ಮುಖ ನೋಡಿ ಏಳು ವರ್ಷವಾಗಿತ್ತು. ಕೂದಲು ಪೂರ್ತಿ ಬೆಳ್ಳಗಾಗಿದೆ. ಕಲ್ಲು ತಿರುಗಿಸುವಾಗ ಎಡಗಾಲು ಚಾಚುವ ಚಟ ಮಾತ್ರ ಹಾಗೆಯೇ ಇದೆ.

ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಒಂದು ರೂಢಿಯುಂಟು. ಬೀಸುವುದು ಮುಗಿದು ಕಲ್ಲಿನ ಗೂಟದಿಂದ ಕೈ ತೆಗೆಯುವ ಮೊದಲು ಒಂದು ಪದ ಹಾಡಿ, ಅದರ ಕೊನೆಗೆ ತವರಿನಲ್ಲಿರುವ ಅಣ್ಣನದೋ ತಮ್ಮನದೋ ಹೆಸರು ಹಿಡಿದು ಹರಸಬೇಕು. ಹೆಸರು ಹಿಡಿಯದೆ ಕಲ್ಲು ಬಿಡುವಂತಿಲ್ಲ. ನಮ್ಮ ಅಜ್ಜಿ ಹಾಗೆ ಮಾಡುತ್ತಿದ್ದಳು, ಅವ್ವ ಮಾಡುತ್ತಿದ್ದಳು. ನಿಮ್ಮ ವಿಡಿಯೋದಲ್ಲಿ ಅಕ್ಕನೂ ಆ ಪದಕ್ಕೆ ಬರುತ್ತಾಳೆ:

ಕಲ್ಲ ಬಿಡತೇನೀಗ ಕೈ ಸೋತು ಬಿಡಲಿಲ್ಲ
ಎಲ್ಲಾರ ನಡುವ ನಗತಿರಲಿ, ತವರಾಗ
ಬಲ್ಲಾಂವ ನನ್ನ ತಮ್ಮಯ್ಯ...

ತಮ್ಮಯ್ಯ ಅಂದಳು, ಉಸಿರು ಎಳೆದುಕೊಂಡಳು, ವಿಡಿಯೋ ಮುಗಿಯಿತು. ಎಷ್ಟು ಸಲ ಹಾಕಿ ನೋಡಿದರೂ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಯಾವ ಹೆಸರು ಬಂತು? ಸಿದ್ಧರಾಮ ಅಂದಳೋ, ಅರುಣಕುಮಾರ ಅಂದಳೋ? ಅರುಣಕುಮಾರ ಸಿಂದಗಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗ, ಅವನೂ ಅವಳಿಗೆ ತಮ್ಮನೇ. ಯಾಕೆ ಕೇಳುತ್ತೀ ಅನ್ನಬೇಡಿ. ಒಂದು ಕಾರ್ಡಿನ ಮೇಲೆ ಒಂದೇ ಶಬ್ದ ಬರೆದು ಹಾಕಿದರೂ ಸಾಕು.

ನಿಮ್ಮ ಕಾರ್ಡಿನ ದಾರಿ ಕಾಯುವ
ಸಿದ್ಧರಾಮ


ಸೊಲ್ಲಾಪುರ
14 ಮಾರ್ಚ್ 2025

ಸಿದ್ಧರಾಮ ಅವರಿಗೆ,

ನಿಮ್ಮ ಪತ್ರ ಓದಿ ನಾನು ಕಕ್ಕಾಬಿಕ್ಕಿಯಾದೆ. ಒಂದು ಶಬ್ದ ಕೇಳಿದ್ದೀರಿ. ಆ ಒಂದು ಶಬ್ದವೇ ನನ್ನ ಹತ್ತಿರ ಇಲ್ಲ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನನ್ನ ತಾಯಿ ಸಾವಿತ್ರೀಬಾಯಿಯ ತವರು ಮುದ್ದೇಬಿಹಾಳ. ನಾನು ಹುಟ್ಟಿ ಬೆಳೆದದ್ದು ಸೊಲ್ಲಾಪುರದಲ್ಲಿ, ಮರಾಠಿ ಸಾಲೆಯಲ್ಲಿ. ಆದರೆ ಊಟಕ್ಕೆ ಕೂತಾಗಲೆಲ್ಲ ಆಯಿ ಆ ಕಡೆಯ ಸೀತನಿ, ರೊಟ್ಟಿ ಅಂತ ಕನ್ನಡದಲ್ಲಿ ಕನವರಿಸುತ್ತಿದ್ದಳು. ಅದಕ್ಕೇ ಸಂಘದವರು ಹಳ್ಳಿ ನೋಡಲು ಹೊರಟಾಗ ನಾನೂ ನನ್ನ ಯಜಮಾನರು ಹೃಷೀಕೇಶರೂ ಹೊರಟೆವು. ಹೊಲದಲ್ಲಿ ಕೆಂಡದ ಮೇಲೆ ಎಳೆ ಜೋಳದ ತೆನೆ ಸುಟ್ಟು, ಬಿಸಿಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿ ಕೊಟ್ಟರು. ನನ್ನ ಅಂಗೈ ಸುಟ್ಟಿತು. ಆಯಿ ಹೇಳಿದ್ದ ಸೀತನಿ ಇದೇ ಎಂದು ಅಲ್ಲೇ ನಿಂತು ಅತ್ತೆ, ನಾಚಿಕೆಗೇಡು.

ಮಧ್ಯಾಹ್ನ ನಿಮ್ಮ ಅಕ್ಕನ ಮನೆಯಲ್ಲಿ ಊಟ. ಎಣ್ಣೆಗಾಯಿ, ಶೇಂಗಾದ ಹಿಂಡಿ, ಕೆನೆಮೊಸರು. ಊಟವಾದ ಮೇಲೆ ನಮ್ಮ ಸಂಘದವರು ಬೀಸುಕಲ್ಲು ನೋಡಬೇಕೆಂದು ಹಟ ಹಿಡಿದರು. ಅದು ನೀರಿನ ಟಾಕಿಯ ಮುಚ್ಚಳ ಗಾಳಿಗೆ ಹಾರದಿರಲೆಂದು ಅದರ ಮೇಲೆ ಕೂತಿತ್ತು. ಅವರ ಯಜಮಾನರು ಸೋಮನಿಂಗಪ್ಪನವರು ಇಳಿಸಿ, ತೊಳೆದು, ಒಳಗೆ ತಂದು ಹೂಡಿದರು. ನಿಮ್ಮ ಅಕ್ಕ ನಗುತ್ತ, “ನಾವು ಗಿರಣಿಗೆ ಹಾಕಸ್ತೇವ್ರಿ ಅಕ್ಕೋರ. ನೀವು ನೋಡಾಕ ಬಂದೀರಂತ ಇದನ್ನ ತಗದೇವಿ,” ಎಂದರು. ಸಂಘದವರು ಅದನ್ನು ಕೇಳಿಯೂ ಕೇಳದವರಂತೆ ಫೋಟೋ ತೆಗೆದರು. ನಾನೂ ಅದೇ ಗುಂಪಿನವಳು, ತಪ್ಪಿಸಿಕೊಳ್ಳುವುದಿಲ್ಲ.

ಆ ಪದಕ್ಕೆ ಬಂದಾಗ ಅವರು ಒಂದು ಕೈಯಿಂದ ಗೂಟ ಹಿಡಿದೇ ಇನ್ನೊಂದು ಕೈ ನನ್ನ ಮೊಬೈಲಿಗೆ ಅಡ್ಡ ತಂದರು. “ಇಷ್ಟ ಸಾಕ್ರಿ,” ಎಂದರು. ನಾನು ನಿಲ್ಲಿಸಿದೆ. ಆಮೇಲೆ ಅವರು ಕಲ್ಲಿನ ಮೇಲೆ ಬಾಗಿದರು. ತುಟಿ ಅಲ್ಲಾಡಿದ ಹಾಗಿತ್ತು. ಹೆಸರು ಹಿಡಿದರೋ, ಹಿಟ್ಟು ಊದಿದರೋ ತಿಳಿಯಲಿಲ್ಲ. ನಮ್ಮ ಯಜಮಾನರನ್ನು ಕೇಳಿದರೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡದ್ದಷ್ಟೇ ಅನ್ನುತ್ತಾರೆ. ಮನೆಗೆ ಬಂದು ನಾನು ಬರೆದ ಚಿತ್ರದಲ್ಲಿ ಅವರ ಬಾಯಿ ತುಸು ತೆರೆದಿದೆ. ಆದರೆ ಅದನ್ನು ನೋಡಿ ಬರೆದೆನೋ ಕಲ್ಪಿಸಿಕೊಂಡು ಬರೆದೆನೋ ಈಗ ನನಗೇ ಅನುಮಾನ.

ಒಂದು ಮಾತು ಕೇಳಲೇ? ಝಳಕಿಯಿಂದ ಇಂಗಳೇಶ್ವರಕ್ಕೆ ಬಸ್ಸಿದೆ. ಸೊಲ್ಲಾಪುರದ ನನ್ನನ್ನು ಕೇಳುವ ಬದಲು ಅಕ್ಕನನ್ನೇ ಯಾಕೆ ಕೇಳಬಾರದು?

ಗೊತ್ತಿದ್ದರೆ ಹೇಳುತ್ತಿದ್ದ
ಸುಮೇಧಾ


ಝಳಕಿ
25 ಮಾರ್ಚ್ 2025

ಅಕ್ಕೋರೆ,

ಕೇಳಬಾರದ್ದನ್ನು ಕೇಳಿದಿರಿ. ಹೇಳಿಬಿಡುತ್ತೇನೆ, ಎದೆ ಹಗುರವಾಗಲಿ.

ನಮ್ಮ ಕಡೆ ನಾಗರಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಜೋಕಾಲಿ, ಉಂಡಿ, ನಾಲ್ಕು ದಿನ ಗದ್ದಲ. ಆದರೆ ತಾವಾಗಿ ಬರುವುದಿಲ್ಲ, ತವರಿನವರು ಹೋಗಿ ಕರೆಯಬೇಕು. ಅಪ್ಪ ಹೋದ ಮೇಲೆ ಇಪ್ಪತ್ತಾರು ವರ್ಷ ನಾನೇ ಹೋಗಿ ಕರೆದುಕೊಂಡು ಬಂದೆ. ಝಳಕಿಯಿಂದ ವಿಜಯಪುರ, ಅಲ್ಲಿಂದ ಬಾಗೇವಾಡಿ, ಅಲ್ಲಿಂದ ಇಂಗಳೇಶ್ವರ. ಮೂರು ಬಸ್ಸು. ಒಂದು ವರ್ಷವೂ ತಪ್ಪಿಸಲಿಲ್ಲ.

2018ರಲ್ಲಿ ಪಕ್ಕದ ಊರಿನ ಟಪಾಲಿನವನು ಹಾಸಿಗೆ ಹಿಡಿದ. ಎರಡೂ ಊರಿನ ಚೀಲ ನನ್ನ ಹೆಗಲಿಗೆ ಬಿತ್ತು. ರಜೆ ಸಿಗಲಿಲ್ಲ. ಸೋಮನಿಂಗ ಮಾವನಿಗೆ ಫೋನ್ ಮಾಡಿ, ಅಕ್ಕನನ್ನು ಬಸ್ಸು ಹತ್ತಿಸಿ, ಝಳಕಿ ಸ್ಟ್ಯಾಂಡಿನಲ್ಲಿ ನಾನೇ ನಿಂತಿರುತ್ತೇನೆ ಎಂದೆ. ಮಾಲಾ ಆಗಷ್ಟೇ ನನ್ನ ಮೊಬೈಲಿಗೆ ವಾಟ್ಸಾಪ್ ಹಾಕಿಕೊಟ್ಟಿದ್ದಳು. ಜೋಕಾಲಿಯ ಚಿತ್ರ, ಎರಡು ಕೈ ಮುಗಿದ ಚಿತ್ರ, ಅದನ್ನೂ ಕಳಿಸಿದೆ. ಪಂಚಮಿಯ ಮುನ್ನಾದಿನ ಮಧ್ಯಾಹ್ನದಿಂದ ಸ್ಟ್ಯಾಂಡಿನಲ್ಲಿ ನಿಂತೆ. ವಿಜಯಪುರದ ಬಸ್ಸು ಒಂದಾದ ಮೇಲೊಂದು ಬಂದವು. ಇಳಿದವರ ಮುಖ ಒಂದೂ ಬಿಡದೆ ನೋಡಿದೆ. ಸಂಜೆ ಆರರ ಬಸ್ಸೂ ಬಂತು, ಅಕ್ಕ ಇಳಿಯಲಿಲ್ಲ. ಬರುವುದಿಲ್ಲ ಎಂದು ಒಂದು ಮಾತು ಹೇಳಿ ಕಳಿಸಲೂ ಇಲ್ಲ.

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಕರೆದರೂ ಬರಲಿಲ್ಲ, ಇನ್ನು ಅವಳೇ ಮಾತಾಡಲಿ ಎಂದು ಮರುವರ್ಷ ಸುಮ್ಮನಿದ್ದೆ. ಆಮೇಲೆ ಎರಡು ವರ್ಷ ರೋಗದ ಕಾಟ. ಆಮೇಲೆ ಸಿಂದಗಿ ಸಂತೆಯಲ್ಲಿ ಯಾರೋ ಅಂದರು, ಈಗ ಪ್ರತಿ ವರ್ಷ ಅರುಣಕುಮಾರ ಇಂಗಳೇಶ್ವರಕ್ಕೆ ಹೋಗಿ ಅಕ್ಕನನ್ನು ಕರೆಯುತ್ತಾನಂತೆ ಎಂದು. ಎದೆಯಲ್ಲಿ ಮುಳ್ಳು ಮುರಿದಂತಾಯಿತು. ನಾನು ಬಿಟ್ಟ ಜಾಗದಲ್ಲಿ ಅವನು ಕೂತನೋ, ಅವಳೇ ಕೂಡಿಸಿದಳೋ?

ಈಗ ಹೇಳಿ, ಹೇಗೆ ಹೋಗಲಿ? ಅವಳ ಬಾಯಲ್ಲಿ ಅವನ ಹೆಸರು ಕೂತಿದ್ದರೆ ನಾನು ಬಾಗಿಲಲ್ಲಿ ನಿಂತು ‘ಯಾರು ಬೇಕಾಗಿತ್ರಿ’ ಅನ್ನಿಸಿಕೊಂಡು ಬರಬೇಕೇ? ಅದು ನನ್ನಿಂದಾಗದು.

ನೀವು ಇನ್ನೊಮ್ಮೆ ಹೋಗುವುದಿದ್ದರೆ, ಬೀಸಲು ಹಚ್ಚಿ ಕೊನೆಯ ತನಕ ಕೇಳಿಸಿಕೊಳ್ಳಿ. ನನ್ನ ಹೆಸರು ಮಾತ್ರ ಎತ್ತಬೇಡಿ.

ನಿಮಗೆ ತೊಂದರೆ ಕೊಡುತ್ತಿರುವ
ಸಿದ್ಧರಾಮ


ಸೊಲ್ಲಾಪುರ
22 ಜೂನ್ 2025

ಸಿದ್ಧರಾಮಣ್ಣನವರಿಗೆ,

ಸಾಲೆಗೆ ಸೂಟಿ ಇದ್ದಾಗಲೇ ಹೋಗಬೇಕೆಂದಿದ್ದೆ, ಆಗಲಿಲ್ಲ. ಹೋದ ಭಾನುವಾರ ನಾವಿಬ್ಬರೇ ಹೋಗಿ ಬಂದೆವು. ಏನು ತಿಳಿದುಕೊಂಡು ಬಂದೆ ಎಂದು ಕೇಳಿದರೆ ಏನೂ ತಿಳಿಯಲಿಲ್ಲ ಅನ್ನಬೇಕು. ನೀವೇ ಓದಿ ನೋಡಿ.

ಅಕ್ಕ ಬಾಗಿಲಲ್ಲೇ ಗುರುತು ಹಿಡಿದರು. ಜುಣಕದ ವಡಿ, ಚಹಾ ಆಯಿತು. ಕಲ್ಲು ಮತ್ತೆ ಟಾಕಿಯ ಮೇಲೆ ಕೂತಿತ್ತು. ಬೀಸಿ ತೋರಿಸುತ್ತೀರಾ ಎಂದೆ. “ಈಗ ಬಿತ್ತಗಿ ದಿನಾರಿ, ಕೈ ಬಿಡುವಿಲ್ಲ,” ಎಂದವರು ಮಾತು ಮರೆಸಿ, ನಾನು ಚಿತ್ರ ಬರೆಯುವವಳೆಂದು ತಾವು ಹೊಲಿದ ಕೌದಿ ತಂದು ಹಾಸಿದರು. ಎಂಥ ಕೌದಿ! ಹಳೆಯ ಇಳಕಲ್ ಸೀರೆ, ಮಕ್ಕಳ ಅಂಗಿ, ಧೋತರದ ಅಂಚು, ಒಂದೊಂದು ತುಂಡಿಗೂ ಬೇರೆ ಬೇರೆ ದಾರದ ಸಾಲು. ಸರಿಯಾಗಿ ನಡುವೆ ಒಂದು ಖಾಕಿ ತುಂಡು, ಕಿಸೆಯನ್ನೂ ಬಿಚ್ಚದೆ ಹಾಗೇ ಹೊಲಿದಿದ್ದಾರೆ. ಇದು ಯಾರದು ಎಂದೆ. “ಗಟ್ಟಿ ಅರಿಬಿ ಐತಿ, ಬಾಳಿಕಿ ಬರ್ತೈತಿ,” ಎಂದರು. ಇಷ್ಟೇ. ಗಟ್ಟಿ ಬಟ್ಟೆಯೆಂದು ಹೊಲಿದರೋ, ನಿಮ್ಮದೆಂದು ಹೊಲಿದರೋ? ನಾನೇನು ಹೇಳಲಿ.

ಅರುಣಕುಮಾರ ಎಂಬುವವರು ಬರುತ್ತಾರಂತಲ್ಲ ಎಂದು ಸುಮ್ಮನೆ ಎಸೆದೆ. ಅಲ್ಲಿಗೆ ಸಿಕ್ಕಿಬಿದ್ದೆ. ಕೌದಿ ಮಡಿಸುತ್ತಿದ್ದವರು ನಿಲ್ಲಿಸಿ ನನ್ನನ್ನೇ ನೋಡಿದರು. ನಿಮ್ಮನ್ನು ಕಳಿಸಿದವರು ಯಾರು ಎಂದು ಕೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವಳು ನಾನು. ಝಳಕಿ ಎಂದುಬಿಟ್ಟೆ, ನೀವು ಕೇಳಿದ ಹೆಸರಿನ ವಿಷಯವನ್ನೂ ಹೇಳಿದೆ. ಕ್ಷಮಿಸಿ.

ಮೊದಲು ನಕ್ಕರು. ಆಮೇಲೆ ನಗಲಿಲ್ಲ.

“ಆಗ ಫೋನ್ ಕಳಿಸಿದ, ಈಗ ನಿಮ್ಮನ್ನ ಕಳಿಸ್ಯಾನ,” ಎಂದರು. “ಊರ ಮಂದಿ ಬಾಗಲಕ್ಕೆಲ್ಲ ಕಾರ್ಡ್ ಹಿಡಕೊಂಡು ತಾನ ಹೋಗಾಂವ. ಅಕ್ಕನ ಬಾಗಲಕ್ಕ ಬರೂದು ಮಾತ್ರ ಆಗಲಿಲ್ಲ.”

ಅರುಣಕುಮಾರನ ಬಗ್ಗೆ, “ಬರ್ತಾನ, ಉಣ್ತಾನ, ಹೋಗ್ತಾನ,” ಎಂದಷ್ಟೇ. ಆಮೇಲೆ ಎದ್ದು ನಮ್ಮ ದಾರಿಗೆ ರೊಟ್ಟಿ ಕಟ್ಟಿದರು. ಸಿಟ್ಟೋ ದುಃಖವೋ ಅವರ ಬೆನ್ನು ನೋಡಿ ನನಗೆ ತಿಳಿಯಲಿಲ್ಲ. ಹೊರಡುವಾಗ ನಿಮ್ಮ ವಿಳಾಸ ಬೇಕೇ ಎಂದರೆ, ನನ್ನ ತವರಿನ ವಿಳಾಸ ನನಗೇ ಹೇಳುತ್ತೀರಾ ಎಂದು ರೇಗಿದರು. ನಾಲ್ಕು ಹೆಜ್ಜೆ ಹೋದ ಮೇಲೆ ಕೂಗಿ ಕರೆದು ಪಿನ್ ಕೋಡ್ ಬರೆಸಿಕೊಂಡರು.

ಗುಟ್ಟು ಉಳಿಸಿಕೊಳ್ಳಲಾರದ
ಸುಮೇಧಾ


ಇಂಗಳೇಶ್ವರ
2 ಜುಲೈ 2025

ಸಿದ್ದೂ,

ನಿನ್ನ ಅಕ್ಕೋರು ಬಂದಿದ್ದರು. ಚೊಲೋ ಹೆಣ್ಣಮಗಳು, ಆಕಿಗೆ ತ್ರಾಸ ಕೊಡಬ್ಯಾಡ. ಹೆಸರು ಕೇಳಬೇಕನಿಸಿದ್ರ ಹೆಸರು ಹಿಡಿಯೂ ಹೊತ್ತಿಗೆ ಕಲ್ಲಿನ ಮುಂದ ಇರಬೇಕು. ತೊಗರಿ ಬಿತ್ತೇವಿ. ಮಳಿ ಕಡಿಮಿ ಐತಿ. ಪಂಚಮಿ ಈ ಸಲ ಇಪ್ಪತ್ತೊಂಬತ್ತಕ್ಕ ಬಂದೈತಿ, ಮಂಗಳವಾರ. ನಿಮ್ಮ ಮಾವಗ ಮೊಣಕಾಲು ಬ್ಯಾನಿ.

ಸುಂದರವ್ವ


ಝಳಕಿ
10 ಜುಲೈ 2025

ಅಕ್ಕೋರೆ,

ಅಕ್ಕ ಕಾರ್ಡು ಹಾಕಿದ್ದಾಳೆ. ನನ್ನ ಜಾಗಕ್ಕೆ ಬಂದ ಹೊಸ ಹುಡುಗಿ ಕಾವೇರಿ ತಂದು ಕೊಟ್ಟಳು. ನಾನು ಬಾಗಿಲಲ್ಲೇ ನಿಂತು ಅದನ್ನು ಮೂರು ಸಲ ಓದಿದ್ದನ್ನು ನೋಡಿ ಕೆಟ್ಟ ಸುದ್ದಿಯೇನೋ ಎಂದು ಅವಳು ಹೆದರಿ ನಿಂತಳು.

ಇಡೀ ಕಾರ್ಡನ್ನು ಇದರ ಜೊತೆಗೆ ನಕಲು ಮಾಡಿ ಕಳಿಸಿದ್ದೇನೆ. ಓದಿ ಹೇಳಿ. ಇದು ಬಾ ಅಂತಲೋ, ಬರಬೇಡ ಅಂತಲೋ? ಎಲ್ಲಿಯೂ ‘ಬಾ’ ಎಂದಿಲ್ಲ. ಪಂಚಮಿ ಯಾವಾಗ ಎಂದು ಬರೆದಿದ್ದಾಳೆ. ನನ್ನ ಮನೆಯಲ್ಲಿ ಕ್ಯಾಲೆಂಡರ್ ಇಲ್ಲವೇ? ನೆನಪು ಮಾಡಿದ್ದೋ, ಹಂಗಿಸಿದ್ದೋ? ಬರಲಿ ಅನ್ನುವವಳು ತೊಗರಿ, ಮಳೆ, ಮೊಣಕಾಲು ಯಾಕೆ ಬರೆಯುತ್ತಾಳೆ? ಬರಬೇಡ ಅನ್ನುವವಳಾದರೂ ಯಾಕೆ ಬರೆಯುತ್ತಾಳೆ? ಮಾಲಾ, ಅಪ್ಪಾ ಸುಮ್ಮನೆ ಹೋಗು ಅನ್ನುತ್ತಾಳೆ. ಚಿಕ್ಕವಳು, ಅವಳಿಗೇನು ತಿಳಿಯುತ್ತದೆ.

ಆ ಖಾಕಿ ತುಂಡು ನನ್ನದೇ ಇರಬೇಕು. ಒಂದು ಪಂಚಮಿಗೆ ಕರೆಯಲು ಹೋದಾಗ ತೋಳು ಹರಿದ ಅಂಗಿ ಅಲ್ಲೇ ಬಿಟ್ಟು ಬಂದಿದ್ದೆ. ಆದರೆ ಖಾಕಿ ಹಾಕುವವನು ನಾನೊಬ್ಬನೇ ಏನು? ಬಸ್ಸಿನವರು ಹಾಕುತ್ತಾರೆ, ಪೊಲೀಸರು ಹಾಕುತ್ತಾರೆ.

ನೀವೊಂದು ಸಲ ಫೋನ್ ಮಾಡಿ ಅವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ ಹೇಳಿದರೆ ದೊಡ್ಡ ಉಪಕಾರವಾಗುತ್ತದೆ.

ದಿಕ್ಕು ತೋಚದ
ಸಿದ್ಧರಾಮ


ಸೊಲ್ಲಾಪುರ
15 ಜುಲೈ 2025

ಸಿದ್ಧರಾಮಣ್ಣ,

ನಾನು ಫೋನ್ ಮಾಡುವುದಿಲ್ಲ. ಇನ್ನೊಂದು ಪತ್ರವನ್ನೂ ಬರೆಯುವುದಿಲ್ಲ. ಬಸ್ಸು ಹತ್ತಿ.

ಸುಮೇಧಾ


ಝಳಕಿ
2 ಆಗಸ್ಟ್ 2025

ಅಕ್ಕೋರೆ,

ಹತ್ತಿದೆ. ಜುಲೈ ಇಪ್ಪತ್ತೇಳರ ಭಾನುವಾರ, ಬೆಳಿಗ್ಗೆ ಆರೂವರೆಯ ಬಸ್ಸು. ವಿಜಯಪುರದ ಸ್ಟ್ಯಾಂಡಿನಲ್ಲಿ ಇಳಿದು ವಾಪಸು ಝಳಕಿಗೆ ಹೋಗುವ ಬಸ್ಸಿನಲ್ಲಿ ಕೂತುಬಿಟ್ಟಿದ್ದೆ, ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ. ಕಂಡಕ್ಟರ್ ಟಿಕೆಟ್ ಕೇಳಿದಾಗ ಎಲ್ಲಿಗೆ ಎಂದು ಬಾಯಿಗೆ ಬರಲಿಲ್ಲ. ಇಳಿದು ಬಾಗೇವಾಡಿ ಬಸ್ಸು ಹತ್ತಿದೆ.

ಅಕ್ಕನ ಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿಂದ ಕಲ್ಲಿನ ಸದ್ದು ಬರುತ್ತಿತ್ತು. ಏನೆಂದು ಕರೆಯಲಿ? ಅಕ್ಕಾ ಅನ್ನಲು ಏಳು ವರ್ಷ ಬಾರದವನಿಗೆ ಮುಖವಿಲ್ಲ. ಯಾರಿದ್ದೀರಿ ಎಂದರೆ ಪರಕೀಯನಂತಾಗುತ್ತದೆ. ಹೊಸ್ತಿಲ ಹೊರಗೆ ನಿಂತು ಬೆವರಿದೆ. ಕೊನೆಗೆ ಬಾಯಿ ತನಗೆ ರೂಢಿಯಿದ್ದದ್ದನ್ನೇ ಕೂಗಿಬಿಟ್ಟಿತು.

“ಟಪಾಲ್!”

ಕಲ್ಲು ನಿಂತಿತು. ಆಮೇಲೆ ಒಳಗಿಂದ ಅಕ್ಕನ ದನಿ.

“ಏನು ಬಂದೈತಿ?”

“ನಾನ ಬಂದೇನಿ,” ಎಂದೆ.

“ಒಳಗ ತಂದು ಕೊಡು,” ಎಂದಳು.

ಹೋದೆ. ಅವಳು ಏಳಲಿಲ್ಲ, ಅಳಲಿಲ್ಲ. ಕಣ್ಣಿನಿಂದಲೇ ಎದುರಿಗೆ ಕೂರು ಎಂದಳು. ಗಿರಣಿ ಬಿಟ್ಟು ಕಲ್ಲು ಯಾಕೆ ತೆಗೆದೆ ಎಂದು ಕೇಳಿದೆ, ಬೇರೇನು ಕೇಳಬೇಕೋ ತಿಳಿಯದೆ. ಉಂಡಿಯ ಹಿಟ್ಟು ಗಿರಣಿಯಲ್ಲಿ ಹದ ಬರುವುದಿಲ್ಲ ಎಂದಳು. ಗೂಟಕ್ಕೆ ನನ್ನ ಕೈಯನ್ನೂ ಹಚ್ಚಿಸಿಕೊಂಡಳು. ಸಣ್ಣವನಿದ್ದಾಗ ಹಾಗೇ ಕೂರಿಸಿಕೊಂಡು ಬೀಸುತ್ತಿದ್ದಳು. ಕೊನೆಯ ಹಿಡಿ ಕಾಳು ಮುಗಿಯಿತು. ಪದ ಹಾಡಿದಳು. ತಮ್ಮಯ್ಯ ಎಂದು ಉಸಿರು ಎಳೆದುಕೊಂಡಳು. ಈ ಸಲ ಯಾರೂ ನಿಲ್ಲಿಸಲಿಲ್ಲ. ನನ್ನ ಹೆಸರನ್ನು ಉದ್ದಕ್ಕೆ ಎಳೆದು, ಪೂರ್ತಿ, ನನ್ನ ಮುಖ ನೋಡುತ್ತ ಹಿಡಿದಳು. ನಾನು ಅತ್ತುಬಿಟ್ಟೆ, ಅಕ್ಕೋರೆ. ಅರವತ್ತೊಂದು ವರ್ಷದವನು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ.

“ಕರಿಯಾಕ ಬಂದೀ ಏನು?” ಎಂದು ಕೇಳಿದಳು.

“ಕರಿಯಾಕ ಬಂದೇನಿ.”

ಅಷ್ಟಕ್ಕೆ ಎದ್ದಳು. ತಯಾರಾಗಲು ಹೊತ್ತು ಹಿಡಿಯುತ್ತದೆ, ನಾಳೆ ಹೊರಡೋಣ ಎಂದು ನಾನು ಹೇಳಿದರೆ ಬಾಗಿಲ ಹಿಂದಿನಿಂದ ಚೀಲ ಎಳೆದಳು. ಸೀರೆ, ಆ ಕೌದಿ, ಎಲ್ಲ ಮೊದಲೇ ಕಟ್ಟಿಟ್ಟಿತ್ತು. ಸೋಮನಿಂಗ ಮಾವ ಮೊಣಕಾಲು ತಿಕ್ಕಿಕೊಳ್ಳುತ್ತ, “ಪ್ರತಿ ವರ್ಷಾ ಹಿಂಗ ಕಟ್ತಾಳಪ್ಪಾ. ಪಂಚಮಿ ಮುಗದ ಮ್ಯಾಲ ನಾನ ಬಿಚ್ಚತೇನಿ,” ಎಂದರು. ಅರುಣಕುಮಾರ ಬಂದು ಕರೆದ ವರ್ಷಗಳಲ್ಲಿಯೂ ಅವಳು ಸಿಂದಗಿಗೆ ಹೋಗಿರಲಿಲ್ಲ. ಉಣಿಸಿ ಕಳಿಸುತ್ತಿದ್ದಳಂತೆ.

ಬಸ್ಸಿನಲ್ಲಿ ಕಿಟಕಿಯ ಕಡೆ ಅವಳನ್ನು ಕೂರಿಸಿ, ನನ್ನ ತಲೆ ತಿನ್ನುತ್ತಿದ್ದ ಮಾತು ಕೇಳಿದೆ. ಜನವರಿಯಲ್ಲಿ ನಿಮ್ಮ ಮೊಬೈಲಿಗೆ ಕೈ ಅಡ್ಡ ಇಟ್ಟು ಯಾವ ಹೆಸರು ಹಿಡಿದೆ ಎಂದು. ಅವಳು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು.

“ನೋಡಾಕ ಬಂದವ್ರಿಗೆ ಸೀತನಿ ಕೊಟ್ಟೆ, ರೊಟ್ಟಿ ಕೊಟ್ಟೆ, ಹಾಡು ಕೊಟ್ಟೆ,” ಎಂದಳು. “ನಿನ್ನ ಹೆಸರ ಯಾಕ ಕೊಡಲಿ?”

ಒಂದು ಮಾತ್ರ ನನಗೆ ಈಗಲೂ ತಿಳಿಯುತ್ತಿಲ್ಲ. ನಾನು ಕರೆದೆ, ಅವಳು ಬರಲಿಲ್ಲ ಅಂತ ನಾನು ಏಳು ವರ್ಷ ಕೂತೆ. ಕರೆಯಲು ಬರಲಿಲ್ಲ ಅಂತ ಅವಳು ಏಳು ವರ್ಷ ಕೂತಳು. ಮೂವತ್ತೊಂದು ವರ್ಷ ಬಾಗಿಲು ಬಾಗಿಲು ತಿರುಗಿದ ನನಗೆ ಇಷ್ಟು ಹೊಳೆಯಲಿಲ್ಲವಲ್ಲ. ಅವಳನ್ನೇ ಕೇಳೋಣ ಎಂದರೆ ವಿಜಯಪುರ ಬರುವಷ್ಟರಲ್ಲಿ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಪಂಚಮಿ ಚೆನ್ನಾಗಿ ಆಯಿತು. ಜೋಕಾಲಿಯಲ್ಲಿ ಮಾಲಾಳಿಗಿಂತ ಅವಳೇ ಜೋರು. ಇದರ ಜೊತೆ ಅವಳು ಕಟ್ಟಿದ ಶೇಂಗಾ ಉಂಡಿ, ಎಳ್ಳುಂಡಿ ಕಳಿಸಿದ್ದೇನೆ, ಸಾವಿತ್ರೀಬಾಯಿಯವರ ಹೆಸರು ಹೇಳಿ ಒಂದು ಹೆಚ್ಚು ತಿನ್ನಿ. ಬರುವ ಪಂಚಮಿಗೆ ನೀವೂ ನಮ್ಮ ಮನೆಗೆ ಬರಬೇಕು ಎಂದು ಅಕ್ಕ ಹಟ ಹಿಡಿದಿದ್ದಾಳೆ. ನೋಡಲು ಅಲ್ಲ, ಹಬ್ಬಕ್ಕೆ. ಈ ಪತ್ರವನ್ನೇ ಕರೆಯೆಂದು ತಿಳಿಯಬೇಡಿ. ಕರೆಯಲು ಸೊಲ್ಲಾಪುರಕ್ಕೆ ನಾನೇ ಬರುತ್ತೇನೆ.

ನಿಮ್ಮ ತಮ್ಮ
ಸಿದ್ಧರಾಮ